ಹಿಡಿದುಕೊಳ್ಳುವವಳು

ಸೂಜಿ ಚುಚ್ಚುವಾಗ ಮಕ್ಕಳನ್ನು ಅಲ್ಲಾಡದಂತೆ ಹಿಡಿದುಕೊಳ್ಳುವುದು ಅವಳ ಕೆಲಸವಾಗಿರಲಿಲ್ಲ. ಅವಳ ಕೆಲಸ ನೆಲ ಒರೆಸುವುದು, ಕಕ್ಕಸು ತೊಳೆಯುವುದು, ಕಸದ ಡಬ್ಬಿ ಖಾಲಿ ಮಾಡುವುದು. ಆದರೆ ಆಸ್ಪತ್ರೆಗೆ ಸೇರಿದ ಹೊಸದರಲ್ಲಿ ಒಂದು ದಿನ ರಕ್ತ ತೆಗೆಯುವ ಕೋಣೆಯಲ್ಲಿ ಒಬ್ಬ ಹುಡುಗ ಒದ್ದಾಡಿ ಟ್ರೇ ಉರುಳಿಸಿಬಿಟ್ಟ. ಅಪ್ಪನಿಗೂ ಹಿಡಿಯಲಾಗಲಿಲ್ಲ, ನರ್ಸಿಗೂ ಆಗಲಿಲ್ಲ. ಬಾಗಿಲ ಹೊರಗೆ ನೆಲ ಒರೆಸುತ್ತಿದ್ದ ಇವಳನ್ನು ಕರೆದರು. ಇವಳು ಕೈ ಒರೆಸಿಕೊಂಡು ಬಂದು, ಕುರ್ಚಿಯ ಮುಂದೆ ಮಂಡಿಯೂರಿ, ಹುಡುಗನ ಎರಡೂ ಕಾಲುಗಳನ್ನು ಕಂಕುಳಲ್ಲಿ ಇರುಕಿಸಿಕೊಂಡಳು. ಒಂದು ತೋಳನ್ನು ಅವನ ಎದೆಗೆ ಅಡ್ಡ ಹಾಕಿ, ಇನ್ನೊಂದು ಕೈಯಿಂದ ಮೊಣಕೈ ಒತ್ತಿ ಹಿಡಿದಳು. ಹುಡುಗ ಕಿರುಚಿದ. ಕಚ್ಚಿದ. ಇವಳು ಬಿಡಲಿಲ್ಲ. ರಕ್ತ ತೆಗೆದಾಯಿತು. ಅವತ್ತಿನಿಂದ ಅವಳಿಗೆ ಉಡ ಎಂದು ಹೆಸರು ಬಿತ್ತು. ಹಿಡಿದರೆ ಬಿಡುವುದಿಲ್ಲ ಎಂದು ಸಿಸ್ಟರುಗಳು ನಕ್ಕರು. ಯಾವ ಮಗು ರಂಪ ಮಾಡಿದರೂ "ಉಡಾನ ಕರೀರಿ" ಎಂಬ ಕೂಗು ಕಾರಿಡಾರಿನಲ್ಲಿ ಕೇಳುತ್ತಿತ್ತು. ಅವಳು ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಓಡುತ್ತಿದ್ದಳು.

ಕೈಗವಸು ಸೂಜಿ ಹಿಡಿಯುವವರಿಗೆ ಮಾತ್ರ. ಮಕ್ಕಳನ್ನು ಹಿಡಿಯುವವಳಿಗೆ ಇರಲಿಲ್ಲ. ಹೆದರಿದ ಮಕ್ಕಳು ಅವಳ ತೋಳಿನ ಮೇಲೆ ಉಚ್ಚೆ ಹೊಯ್ಯುತ್ತಿದ್ದವು. ಹೆಗಲ ಮೇಲೆ ವಾಂತಿ ಮಾಡುತ್ತಿದ್ದವು. ಮುಂಗೈಯಲ್ಲಿ ಒಂದು ಹಲ್ಲಿನ ಗುರುತು ಮಾಯುವ ಮೊದಲೇ ಇನ್ನೊಂದು ಬೀಳುತ್ತಿತ್ತು. ಅದೇ ಸೀರೆಯಲ್ಲಿ ಸಂಜೆಯವರೆಗೆ ನೆಲ ಒರೆಸಬೇಕು.

ಒಂದು ಸಲ ರಕ್ತ ತೆಗೆದಾದ ಮೇಲೆ ಒಬ್ಬ ತಾಯಿ ಕೈಚೀಲದಿಂದ ಒದ್ದೆ ಟಿಶ್ಯೂ ತೆಗೆದು ಮಗಳ ಕೈ ಒರೆಸಿದಳು. ಸೂಜಿ ಚುಚ್ಚಿದ ಜಾಗವನ್ನಲ್ಲ. ಇವಳು ಹಿಡಿದಿದ್ದ ಜಾಗವನ್ನು. ಮೊಣಕೈಯಿಂದ ಬೆರಳಿನ ತುದಿಯವರೆಗೆ ಉಜ್ಜಿ ಉಜ್ಜಿ ಒರೆಸಿದಳು. ಆಮೇಲೆ ಆ ಟಿಶ್ಯೂವನ್ನು ಇವಳ ಕೈಗೇ ಕೊಟ್ಟು, ಡಬ್ಬಿಗೆ ಹಾಕು ಎಂದಳು. ಇವಳು ಹಾಕಿದಳು.

ಆ ಆಸ್ಪತ್ರೆಯಲ್ಲಿ ಮಕ್ಕಳ ರಕ್ತ ತೆಗೆಯುವ ಕೋಣೆಗಳು ಎರಡು. ಮುಂದಿನದು ದುಡ್ಡು ಕೊಡುವವರದು. ಗೋಡೆಯ ಮೇಲೆ ಆನೆ, ಜಿರಾಫೆ, ಮೊಲದ ಚಿತ್ರಗಳು. ನಡುವೆ ನೀಲಿ ಬಣ್ಣದ ಮೆತ್ತನೆಯ ಕುರ್ಚಿ, ತೋಳುಗಳಿಗೂ ಮೆತ್ತೆ. ಅಲ್ಲಿ ರಕ್ತ ತೆಗೆಯುವವನು ತಲೆ ನರೆತ, ಪಳಗಿದ ಕೈಯ ಮನುಷ್ಯ. ಎಲ್ಲರೂ ಅವನನ್ನು ಸೂಜಿ ಸಾರ್ ಎನ್ನುತ್ತಿದ್ದರು. ಎಂಥ ಸಣಕಲು ಕೈಯಲ್ಲೂ ಅವನಿಗೆ ಒಂದೇ ಸಲಕ್ಕೆ ನರ ಸಿಗುತ್ತಿತ್ತು. ಹಿಂದಿನ ಕೋಣೆ ಕಾರಿಡಾರಿನ ಕೊನೆಯಲ್ಲಿ, ಕಕ್ಕಸಿನ ಪಕ್ಕದಲ್ಲಿ. ಅದು ಬಿಟ್ಟಿ ರೋಗಿಗಳದು. ಅಲ್ಲಿ ಒಂದು ಕಬ್ಬಿಣದ ಸ್ಟೂಲು. ರಕ್ತ ತೆಗೆಯುವವರು ಕಲಿಯಲು ಬಂದ ಹುಡುಗ ಹುಡುಗಿಯರು. ಕೈ ಪಳಗಿದ ಮೇಲೆ ಅವರು ಬೇರೆ ಕಡೆ ಹೋಗುತ್ತಿದ್ದರು, ಹೊಸಬರು ಬರುತ್ತಿದ್ದರು. ಯಾರ ಕೈಯ ಮೇಲೆ ಕಲಿಯುತ್ತಿದ್ದಾರೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತ ತಾಯಂದಿರಿಗೆ ಹೇಳಬೇಕಾಗಿಯೂ ಇರಲಿಲ್ಲ.

ಅವಳಿಗೆ ಮೂರು ವರ್ಷದ ಮಗಳಿದ್ದಳು. ಹುಟ್ಟಿದಾಗ ಗುಂಡು ಗುಂಡಾಗಿದ್ದಳೆಂದು ಅತ್ತೆ ಅವಳನ್ನು ಬಟಾಣಿ ಎಂದು ಕರೆದಳು, ಅದೇ ನಿಂತಿತು. ಒಂದು ಜ್ವರ ಬಂದು ಹೋದ ಮೇಲೆ ಬಟಾಣಿಯ ಮೈಮೇಲೆ ಸಾಸಿವೆ ಕಾಳಿನಂಥ ಕೆಂಪು ಚುಕ್ಕೆಗಳೆದ್ದವು. ಬೆಳಿಗ್ಗೆ ಎದ್ದರೆ ಒಸಡಿನಲ್ಲಿ ರಕ್ತ. ಎಲ್ಲಿ ಮುಟ್ಟಿದರೂ ನೀಲಿಗಟ್ಟುತ್ತಿತ್ತು. ರಕ್ತ ಹೆಪ್ಪುಗಟ್ಟಿಸುವ ಕಣಗಳು ತೀರ ಕಮ್ಮಿಯಾಗಿವೆ ಎಂದರು ಡಾಕ್ಟರು. ಮಾತ್ರೆ ಕೊಟ್ಟರು. ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು, ಅದನ್ನು ನೋಡಿಯೇ ಮಾತ್ರೆ ಹೆಚ್ಚು ಕಮ್ಮಿ ಮಾಡುವುದು, ತಪ್ಪಿಸಬೇಡಿ ಎಂದರು. ಮಗು ಬೀಳಬಾರದು, ಪೆಟ್ಟಾಗಬಾರದು, ಒಳಗೇ ರಕ್ತ ಸೋರಿದರೆ ಕಷ್ಟ ಎಂದೂ ಹೇಳಿದರು. ಅವಳು ಹಳೆಯ ಸೀರೆಗಳನ್ನು ಹರಿದು ಮಂಚದ ಮೂಲೆಗಳಿಗೆ, ಹೊಸ್ತಿಲಿಗೆ, ಒಲೆಯ ಕಟ್ಟೆಯ ಅಂಚಿಗೆ ಕಟ್ಟಿದಳು. ಆ ಮಾತ್ರೆಗೆ ಮಗುವಿನ ಮುಖ ಊದಿಕೊಂಡಿತು. ಬೀದಿಯ ಹೆಂಗಸರು ಕೆನ್ನೆ ಹಿಂಡಿ, ಪರವಾಗಿಲ್ಲ, ಮೈ ತುಂಬಿಕೊಂಡಿದೆ, ಏನು ತಿನ್ನಿಸ್ತೀಯ ಎಂದು ಕೇಳುತ್ತಿದ್ದರು. ಅವರು ಹಿಂಡಿದ ಕಡೆ ಬೆರಳಿನ ಗುರುತು ನೀಲಿಯಾಗಿ ಉಳಿಯುತ್ತಿತ್ತು.

ಗಂಡ ಲಾರಿಯಲ್ಲಿ ಕ್ಲೀನರ್. ಊರೂರು ಸುತ್ತಿ ಯಾವಾಗಲೋ ಬರುವವನು. ಹಾಗಾಗಿ ಮೊದಲ ಪರೀಕ್ಷೆಗಳಿಗೆಲ್ಲ ಮಗುವನ್ನು ಕರೆದುಕೊಂಡು ಹೋದವಳು ಅತ್ತೆ. ಅತ್ತೆಯೂ ಅದೇ ಆಸ್ಪತ್ರೆಯಲ್ಲಿ ನೆಲ ಒರೆಸಿದವಳು. ಮಂಡಿ ಬಗ್ಗದೆ ಹೋದ ಮೇಲೆ ಕೆಲಸವನ್ನು ಸೊಸೆಗೆ ಕೊಡಿಸಿದ್ದಳು. ಸೊಸೆ ಮುಂದಿನ ಕೋಣೆಯಲ್ಲಿ ಯಾರದೋ ಮಗುವನ್ನು ಹಿಡಿದುಕೊಂಡು ಕೂತಿರುವಾಗ, ಅದೇ ಕಾರಿಡಾರಿನ ಆ ತುದಿಯಲ್ಲಿ ಅವಳ ಮಗುವನ್ನು ಇನ್ಯಾರೋ ಹಿಡಿದಿರುತ್ತಿದ್ದರು. ಸಂಜೆ ಮನೆಗೆ ಬಂದು ನೋಡಿದರೆ ಬಟಾಣಿಯ ಎರಡೂ ಕೈ ನೇರಳೆ ಬಣ್ಣ. ಅಂಗೈಯ ಹಿಂಭಾಗ ಊದಿ ಬೆರಳು ಮಡಚಲು ಬರುತ್ತಿರಲಿಲ್ಲ. ನರ ಸಿಗ್ಲಿಲ್ಲವಂತೆ ಕಣೇ, ಕಲಿಯೋ ಹುಡುಗರು, ಏನ್ಮಾಡ್ತಾರೆ ಎಂದಳು ಅತ್ತೆ. ಮುಂದಿನ ವಾರವೂ ಹಾಗೇ ಆಯಿತು. ಅದರ ಮುಂದಿನ ಸಲ ತಾನೇ ಹೋಗುತ್ತೇನೆಂದು ಅವಳು ರಜೆ ಕೇಳಿದಳು.

ರಜೆ ಕೊಡುವವನು ಗುತ್ತಿಗೆದಾರನ ಕಡೆಯ ಮೇಸ್ತ್ರಿ. ಅವನು ತಲೆ ಕೆರೆದುಕೊಂಡು, ನಿನ್ನ ಮಗಳಿಗೆ ನೀನೇ ಹೋಗಬೇಕಾ, ಮುದುಕಿ ಇದ್ದಾಳಲ್ಲ ಎಂದ. ಅವಳು ಅಲ್ಲಿಂದ ಅಲ್ಲಾಡಲಿಲ್ಲ. ಕೊನೆಗೆ ಹಾಳಾಗಿ ಹೋಗು ಎಂದ. ಅದನ್ನೇ ಅವಳು ರಜೆ ಎಂದು ತಿಳಿದುಕೊಂಡಳು.

ಬೆಳಿಗ್ಗೆ ಅವಳು ಮದುವೆ ಮುಂಜಿಗೆಂದು ಇಟ್ಟಿದ್ದ ಹಸಿರು ಸೀರೆ ಉಟ್ಟಳು. ಕೆಲಸದವಳಂತೆ ಕಾಣಬಾರದು ಎಂದು ತಲೆ ಬಾಚಿ ಜಡೆ ಹಾಕಿಕೊಂಡಳು. ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತು ಹೇಳಿದಳು: "ಮೇಸ್ತ್ರಿ ಕಣ್ಣಿಗೆ ಬೀಳ್ಬೇಡ. ಕಂಡ್ರೆ ಕೆಲಸ ಹೇಳ್ತಾನೆ."

ಅವಳು ದಿನಾ ಹೋಗುತ್ತಿದ್ದುದು ಕಸದ ಗಾಡಿ ನಿಲ್ಲುವ ಹಿಂದಿನ ಬಾಗಿಲಿನಿಂದ. ಅವತ್ತು ಮುಂದಿನ ಬಾಗಿಲಿನಿಂದ ಹೋದಳು. ಕಾರಿಡಾರಿನ ಉದ್ದನೆಯ ಬೆಂಚಿನಲ್ಲಿ ಜಾಗ ಸಿಕ್ಕಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮಾತಿನ ಮಲ್ಲಿ. ಮಗುವಿಗೆ ಏನಾಗಿದೆ, ಎಷ್ಟು ದಿನದಿಂದ, ಯಾವ ಡಾಕ್ಟರು ಎಂದೆಲ್ಲ ಕೇಳಿದಳು. ತನ್ನ ಮಗನಿಗೆ ತಂದಿದ್ದ ಬಿಸ್ಕತ್ತಿನಲ್ಲಿ ಒಂದನ್ನು ಬಟಾಣಿಗೆ ಕೊಟ್ಟಳು. ನಿಮ್ಮ ಕೆಲಸ ಎಲ್ಲಿ ಎಂದು ಕೇಳಿದಾಗ ಇವಳು, ಇಲ್ಲೇ ಹತ್ತಿರ ಎಂದಳು. ಬಟಾಣಿ ಬಿಸ್ಕತ್ತನ್ನು ತಿನ್ನದೆ ಎರಡೂ ಕೈಯಲ್ಲಿ ಹಿಡಿದುಕೊಂಡು ಅದರ ತೂತುಗಳನ್ನು ನೋಡುತ್ತಿದ್ದಳು.

ಅಷ್ಟರಲ್ಲಿ ಬೆಂಚಿನ ಆ ತುದಿಯಲ್ಲಿದ್ದ ಮಗುವೊಂದು ವಾಂತಿ ಮಾಡಿತು. ನೆಲದ ಮೇಲೆ, ಗೋಡೆಯ ಮೇಲೆ, ಪಕ್ಕದವರ ಚಪ್ಪಲಿಯ ಮೇಲೆ. ಎಲ್ಲರೂ ಕಾಲು ಎತ್ತಿಕೊಂಡರು. ಯಾರೋ ಹೋಗಿ ಹೇಳಿದರು. ಮೇಸ್ತ್ರಿ ಬಂದ. ವಾಂತಿಯನ್ನು ನೋಡಿದ, ಸಾಲನ್ನು ನೋಡಿದ. ಇವಳನ್ನು ಕಂಡ.

"ಏ, ನೀನಿದೀಯಲ್ಲ. ಏಳು, ಬೇಗ ಒರೆಸು."

ಇವತ್ತು ರಜೆ, ಮಗುವನ್ನು ತೋರಿಸಲು ಬಂದಿದ್ದೇನೆ ಎಂದು ಅವಳು ಮೆಲ್ಲಗೆ ಹೇಳಿದಳು. ಬೇರೆಯವಳು ಮೇಲಿನ ಮಹಡಿಯಲ್ಲಿದ್ದಾಳೆ, ಅವಳನ್ನು ಕರೆಯಲು ಹೊತ್ತಾಗುತ್ತೆ ಎಂದ ಮೇಸ್ತ್ರಿ. "ರಜೆ ಇರೋದು ನಿನ್ನ ಹಾಜರಿಗೆ. ಕೈಗಲ್ಲವಲ್ಲ. ಏಳು." ಕೆಲವರು ನಕ್ಕರು. ಇಡೀ ಬೆಂಚು ತಿರುಗಿ ಅವಳ ಹಸಿರು ಸೀರೆಯನ್ನು ನೋಡಿತು.

ಅವಳು ಎದ್ದಳು. ಮಗುವನ್ನು ಬೆಂಚಿನ ಮೇಲೆ ಕೂರಿಸಿ, ಸರದಿಯ ಚೀಟಿಯನ್ನು ಅದರ ಕೈಗೆ ಕೊಟ್ಟು, ಇಲ್ಲೇ ಇರು ಎಂದಳು. ಒಂಚೂರು ನೋಡಿಕೊಳ್ಳಿ ಎಂದು ಪಕ್ಕದವಳಿಗೆ ಹೇಳಬೇಕೆಂದು ತಿರುಗಿದಳು. ಆ ಹೆಂಗಸು ಆಗಲೇ ತನ್ನ ಮಗನನ್ನು ಆ ಕಡೆಯ ತೊಡೆಗೆ ಸರಿಸಿಕೊಂಡು, ನಡುವೆ ಚೀಲ ಇಟ್ಟಿದ್ದಳು.

ಬಕೆಟ್ಟು, ಕೋಲು, ಬಟ್ಟೆ ಇರುವ ಜಾಗ ಅವಳಿಗೆ ಗೊತ್ತಿತ್ತು. ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ವಾಂತಿಯನ್ನು ಬಳಿದು, ನೀರು ಹಾಕಿ, ಒರೆಸಿ, ಮತ್ತೆ ನೀರು ಹಾಕಿ ಒರೆಸಿದಳು. ಗೋಡೆ ಒರೆಸಿದಳು. ಒಬ್ಬ ಗಂಡಸು ತನ್ನ ಚಪ್ಪಲಿ ಚಾಚಿದ. ಅದನ್ನೂ ಒರೆಸಿದಳು. ಬಕೆಟ್ಟಿನ ನೀರು ಚೆಲ್ಲಲು ಕಕ್ಕಸಿಗೆ ಹೋಗಿದ್ದಾಗ ಬಟಾಣಿ ಕಿರುಚಿದ್ದು ಕೇಳಿಸಿತು. ಹೊತ್ತುಹೊತ್ತಿಗೂ ಮಕ್ಕಳ ಕಿರುಚಾಟ ಕೇಳುವ ಕಿವಿ ಅವಳದು. ಇದು ಬೇರೆ ಎಂದು ತಿಳಿಯಲು ಅರೆಗಳಿಗೆ ಹಿಡಿಯಲಿಲ್ಲ.

ಹಿಂದಿನ ಕೋಣೆಗೆ ಓಡಿದಳು. ಸರದಿ ಬಂದಿತ್ತು. ತಾಯಿ ಕಾಣಲಿಲ್ಲವೆಂದು ಅವರು ಮಗುವನ್ನೇ ಎತ್ತಿಕೊಂಡು ಬಂದಿದ್ದರು. ಕಲಿಯುವ ಹುಡುಗಿಯೊಬ್ಬಳು ಮಗುವನ್ನು ಅವುಚಿ ಹಿಡಿದಿದ್ದಳು. ಒಬ್ಬ ಹುಡುಗ ಸೂಜಿಯನ್ನು ಚರ್ಮದೊಳಗೇ ಆ ಕಡೆ ಈ ಕಡೆ ತಿರುಗಿಸುತ್ತಿದ್ದ. ಎಡಗೈಯ ಮಡಿಕೆಯಲ್ಲಿ ಆಗಲೇ ಚುಚ್ಚಿ ಬಿಟ್ಟಿದ್ದರು. ಬಲಗೈಯಲ್ಲಿ ಚುಚ್ಚಿ ಬಿಟ್ಟಿದ್ದರು. ಈಗ ಅಂಗೈಯ ಹಿಂಭಾಗ. ಹುಡುಗನ ಹಣೆಯಲ್ಲಿ ಬೆವರು. ಅವನಿಗೂ ಹೆದರಿಕೆಯಾಗಿತ್ತು. ಅವಳು ನಿಲ್ಲಿಸಿ ಎಂದಳು. ಸ್ವಲ್ಪ ಸ್ವಲ್ಪ ಬರ್ತಾ ಇದೆ, ಅಲ್ಲಾಡಿಸಬೇಡಿ ಎಂದ ಹುಡುಗ. ತೊಟ್ಟು ತೊಟ್ಟಾಗಿ ರಕ್ತ ಕೊಳವೆಯ ತಳಕ್ಕೆ ಇಳಿಯುತ್ತಿತ್ತು. ಬಟಾಣಿ ಈಗ ಕಿರುಚುತ್ತಿರಲಿಲ್ಲ. ಬಾಯಿ ತೆರೆದುಕೊಂಡೇ ಇತ್ತು, ದನಿ ಬರುತ್ತಿರಲಿಲ್ಲ. ಲಂಗ ಒದ್ದೆಯಾಗಿತ್ತು. ಬಿಸ್ಕತ್ತು ನೆಲದ ಮೇಲೆ ಪುಡಿಯಾಗಿತ್ತು.

ಆಮೇಲೆ ಅವಳು ಮಗುವನ್ನು ಎತ್ತಿಕೊಂಡು ಬೆಂಚಿನ ಹತ್ತಿರ ಗೋಡೆಗೆ ಒರಗಿ ನಿಂತಳು. ಚುಚ್ಚಿದ ಜಾಗಗಳಿಗೆಲ್ಲ ಹತ್ತಿ ಒತ್ತಿ ಹಿಡಿದಳು. ಒಂದು ನಿಂತರೆ ಇನ್ನೊಂದು ಜಿನುಗುತ್ತಿತ್ತು. ಹತ್ತಿ ಕೆಂಪಾಗುತ್ತಿತ್ತು. ಚರ್ಮದ ಅಡಿಯಲ್ಲಿ ಶಾಯಿ ಚೆಲ್ಲಿದ ಹಾಗೆ ನೇರಳೆ ಹರಡುತ್ತಾ ಹೋಯಿತು. ಕೂತುಕೊಳ್ಳಿ ಎಂದು ಯಾರೂ ಜಾಗ ಬಿಡಲಿಲ್ಲ.

ಬಹಳ ಹೊತ್ತಿನ ಮೇಲೆ ಆ ಹುಡುಗಿ ಹೊರಗೆ ಬಂದು ತಲೆ ತಗ್ಗಿಸಿಕೊಂಡು ಹೇಳಿದಳು. ತೊಟ್ಟು ತೊಟ್ಟಾಗಿ ತೆಗೆದದ್ದಕ್ಕೆ ರಕ್ತ ಕೊಳವೆಯಲ್ಲೇ ಗಂಟುಗಟ್ಟಿದೆಯಂತೆ. ಲ್ಯಾಬಿನವರು ವಾಪಸ್ ಕಳಿಸಿದ್ದಾರೆ. ಮತ್ತೆ ತೆಗೆಯಬೇಕು, ಒಳಗೆ ಬನ್ನಿ.

ಬಟಾಣಿಗೆ ಮಾತು ಅರ್ಥವಾಯಿತು. ಅಮ್ಮನ ಕುತ್ತಿಗೆಯನ್ನು ಎರಡೂ ಕೈಯಿಂದ ಬಿಗಿದುಕೊಂಡಿತು. ಅವಳು ಒಳಗೆ ಹೋಗಲಿಲ್ಲ. ತಿರುಗಿ ಕಾರಿಡಾರಿನ ಈ ತುದಿಗೆ, ಮುಂದಿನ ಕೋಣೆಗೆ ನಡೆದಳು.

ಅಲ್ಲಿ ಕುರ್ಚಿ ಖಾಲಿಯಿತ್ತು. ಒಬ್ಬ ತಾಯಿ ಮಗನನ್ನು ಕುರ್ಚಿಯಲ್ಲಿ ಕೂರಿಸಲು ಹೆಣಗುತ್ತಿದ್ದಳು. ಹುಡುಗ ನೆಲದಲ್ಲಿ ಬಿದ್ದು ಕಾಲು ಬಡಿಯುತ್ತಿದ್ದ. ಸೂಜಿ ಸಾರ್ ಟ್ರೇ ಮುಂದಿಟ್ಟುಕೊಂಡು ಕಾಯುತ್ತಿದ್ದ. ಅವಳು ಮಗುವಿನ ಕೈಗಳನ್ನು ಅವನ ಮುಂದೆ ಹಿಡಿದಳು. ಇಷ್ಟು ಕಡೆ ಚುಚ್ಚಿದ್ದಾರೆ ಸಾರ್, ಮತ್ತೆ ಚುಚ್ಚಬೇಕಂತೆ, ನೀವೇ ಒಂದು ಸಲ ತೆಗೆದುಕೊಡಿ ಎಂದು ಕೇಳಿದಳು. ಅವನು ಕೈ ನೋಡಿದ. ನಾಲಗೆಯಿಂದ ಚ್ಚು ಚ್ಚು ಎಂದ. ಕೆಟ್ಟ ಮನುಷ್ಯನಲ್ಲ.

"ಆಗಲ್ಲ ಅಂತಲ್ಲ ಕಣಮ್ಮ," ಎಂದ. "ಇವತ್ತು ನಿನಗೆ ತೆಗೆದ್ರೆ ನಾಳೆ ಬೆಂಚಲ್ಲಿ ಇರೋರೆಲ್ಲ ಇಲ್ಲಿಗೇ ಬರ್ತಾರೆ. ಆ ಕಡೇನೇ ಹೋಗು. ಹುಷಾರಾಗಿ ತೆಗೀರಿ ಅಂತ ಹೇಳಿ ಕಳಿಸ್ತೀನಿ." ಆಮೇಲೆ ಏನೋ ನೆನಪಾದವನಂತೆ, "ಹೇಗೂ ಬಂದಿದೀಯ. ಈ ಪಾಪೂನ ಒಂಚೂರು ಹಿಡ್ಕೊಂಡು ಹೋಗು" ಎಂದ.

ಆ ತಾಯಿ ಮಗನನ್ನು ಎತ್ತಿ ಇವಳ ಕಡೆ ನೀಡಿದಳು. ಇವಳ ಕಂಕುಳಲ್ಲಿ ಒಂದು ಮಗು ಇರುವುದು ಇಬ್ಬರಿಗೂ ಕಾಣಲಿಲ್ಲ.

"ಹಿಡಿಯಲ್ಲ," ಎಂದಳು ಅವಳು.

ಸೂಜಿ ಸಾರ್‌ಗೆ ಕೇಳಿಸಲಿಲ್ಲ ಎನಿಸುತ್ತದೆ. ಏನು ಎಂದ.

"ಹಿಡಿಯಲ್ಲ ಸಾರ್. ಈ ಕೈ ಇವತ್ತು ನನ್ನ ಮಗೂದು."

ಹಾಗೆ ಹೇಳಿ ಅವಳು ಹೋಗಿ ನೀಲಿ ಕುರ್ಚಿಯಲ್ಲಿ ಕೂತುಬಿಟ್ಟಳು. ಮಗುವನ್ನು ಮಡಿಲಿಗೆ ಹಾಕಿಕೊಂಡಳು. ವಾಂತಿ ಒರೆಸಿದ ಸೀರೆಯ ಅಂಚು ಇನ್ನೂ ಒದ್ದೆಯಿತ್ತು. ಅದು ಮೆತ್ತೆಗೆ ತಾಗಿತು. ದಿನಾ ಸಂಜೆ ಸೋಪಿನ ನೀರಿನಲ್ಲಿ ಒರೆಸುತ್ತಿದ್ದ ಕುರ್ಚಿ. ಅದರಲ್ಲಿ ಕೂತವರ ಕಾಲಡಿಯಲ್ಲಿ ಮಂಡಿಯೂರಿದ್ದು ಎಷ್ಟು ಸಲವೋ. ಅಲ್ಲಿಂದ ನೋಡಿದರೆ ಬಾಗಿಲು, ಕಾರಿಡಾರು, ಬೆಂಚಿನ ತುದಿ ಎಲ್ಲ ಕಾಣುತ್ತಿತ್ತು.

ಸಿಸ್ಟರ್ ಬಂದಳು. ಇದೇನು ಹೊಸ ನಾಟಕ, ಏಳು ಎಂದಳು. ಮೇಸ್ತ್ರಿ ಬಂದ. ಅವನ ಮುಖ ಕೆಂಪಾಗಿತ್ತು. ಅವಳ ಜಾತಕವನ್ನೆಲ್ಲ ಜಾಲಾಡಿದ. ಎಲ್ಲಿಂದ ಬಂದವಳು, ಯಾರ ಎಂಜಲು ತೊಳೆದು ಬದುಕುವವಳು, ಇವತ್ತು ಎಲ್ಲಿ ಬಂದು ಕೂತಿದ್ದಾಳೆ ಎಂದು ಬಾಗಿಲಲ್ಲಿ ಸೇರಿದವರಿಗೆಲ್ಲ ಕೇಳುವಂತೆ ಹೇಳಿದ. ನಾಳೆಯಿಂದ ನಿನ್ನ ಮುಖ ಇಲ್ಲಿ ಕಾಣಿಸಬಾರದು ಎಂದ.

"ನಾಳೆ ಮಾತು ನಾಳೆ," ಎಂದಳು ಅವಳು. "ಇವತ್ತು ರಕ್ತ ತೆಗೀಲಿ. ಎದ್ದು ಹೋಗ್ತೀನಿ."

ಸೆಕ್ಯೂರಿಟಿಯವನನ್ನು ಕರೆಸಿದರು. ಅವನು ಅವಳ ಬೀದಿಯವನೇ. ದಿನಾ ಅಕ್ಕಾ ಎಂದು ಮಾತಾಡಿಸುವವನು. ಅವನು ಬಂದು ಅವಳ ಹತ್ತಿರ ಬಗ್ಗಿದ.

"ಏಳಕ್ಕಾ. ನನ್ನ ಹೊಟ್ಟೆ ಮೇಲೆ ಹೊಡೀಬೇಡ."

"ಎಳೆಯೋದು ನಿನ್ನ ಕೆಲಸ. ಎಳಿ," ಎಂದಳು. "ಇವಳಿಗೆ ಪೆಟ್ಟು ತಾಗಿದ್ರೆ ಒಳಗೇ ರಕ್ತ ಸೋರುತ್ತೆ. ಡಾಕ್ಟರೇ ಹೇಳಿದಾರೆ. ನೋಡ್ಕೊಂಡು ಎಳಿ."

ಅವನು ಅವಳ ತೋಳಿಗೆ ಕೈ ಹಾಕಿದ. ಬಟಾಣಿ ಅವನನ್ನು ಮಾಮ ಎಂದು ಗುರುತು ಹಿಡಿದು ನೋಡಿತು. ಅವನು ಕೈ ತೆಗೆದು ಪಕ್ಕಕ್ಕೆ ನಿಂತ. ಎಳೆಯೋ ಎಂದು ಮೇಸ್ತ್ರಿ ಗದರಿದ. ಅವನು ಗೋಡೆಯ ಮೇಲಿನ ಜಿರಾಫೆಯನ್ನು ನೋಡುತ್ತಾ ನಿಂತ.

ಕೊನೆಗೆ ಮಾತಾಡಿದ್ದು ಆ ಇನ್ನೊಂದು ಮಗುವಿನ ತಾಯಿ. ಅವಳದು ಕನಿಕರವೇನಲ್ಲ. ಗಡಿಯಾರ ನೋಡಿಕೊಂಡು, ಮೊದಲು ಇವಳದು ಮುಗಿಸಿ ಕಳಿಸಿ, ನಮಗೆ ಹೊತ್ತಾಗುತ್ತಿದೆ ಎಂದಳು. ಸಿಸ್ಟರ್ ಮೇಸ್ತ್ರಿಯನ್ನು ನೋಡಿದಳು. ಮೇಸ್ತ್ರಿ ಸೂಜಿ ಸಾರ್‌ನನ್ನು ನೋಡಿದ. ಸೂಜಿ ಸಾರ್ ಹೊಸ ಕೈಗವಸು ಹಾಕಿಕೊಂಡ.

ಮಗುವನ್ನು ಹಿಡಿಯಲು ಯಾರೂ ಇರಲಿಲ್ಲ. ಅವಳೇ ಹಿಡಿಯಬೇಕಿತ್ತು. ಕಾಲುಗಳನ್ನು ತೊಡೆಯ ನಡುವೆ ಇರುಕಿಸಿದಳು, ಎದೆಗೆ ತೋಳು ಅಡ್ಡ ಹಾಕಿದಳು, ಮೊಣಕೈ ಒತ್ತಿದಳು. ಬೇರೆಯವರ ಮಕ್ಕಳನ್ನು ಹಿಡಿಯುವಾಗ ಅವಳು ಮುಖ ನೋಡುತ್ತಿರಲಿಲ್ಲ. ಗೋಡೆಯನ್ನೋ ನೆಲವನ್ನೋ ನೋಡುತ್ತಿದ್ದಳು. ಬಟಾಣಿ ಕತ್ತು ಹೊರಳಿಸಿ ಅವಳ ಮುಖವನ್ನೇ ಹುಡುಕಿತು.

"ಬಿಡಮ್ಮಾ," ಎಂದಿತು. ಕಿರುಚಲಿಲ್ಲ. ಕೇಳಿಕೊಂಡಿತು. "ಬಿಡಮ್ಮಾ, ನಾನು ಜಾಣೆ ಆಗಿರ್ತೀನಿ."

ಅವಳು ಬಿಡಲಿಲ್ಲ. ಸೂಜಿ ಒಂದೇ ಸಲಕ್ಕೆ ಒಳಗೆ ಹೋಯಿತು. ಕೊಳವೆ ಕಪ್ಪಗೆ, ಸರಾಗವಾಗಿ ತುಂಬಿತು. ಹೆಚ್ಚು ಹೊತ್ತೂ ಹಿಡಿಯಲಿಲ್ಲ. ಇಷ್ಟೇ ಆಗಿತ್ತು. ಇಷ್ಟಕ್ಕೆ ಅಷ್ಟೆಲ್ಲ ಆಗಬೇಕಾಯಿತಲ್ಲ ಎಂದು ಆಗ ಅವಳಿಗೆ ಬಂದ ಸಿಟ್ಟು, ಮೇಸ್ತ್ರಿ ಬೈದಾಗಲೂ ಬಂದಿರಲಿಲ್ಲ. ಕುರ್ಚಿಯಿಂದ ಎದ್ದು ಮಗುವನ್ನು ಎತ್ತಿಕೊಂಡಳು. ಅವಳು ಬಾಗಿಲು ದಾಟುವ ಮೊದಲೇ ಯಾರೋ ಕುರ್ಚಿ ಒರೆಸಲು ಬಟ್ಟೆ ತರಲು ಹೇಳುತ್ತಿದ್ದರು.

ಮಧ್ಯಾಹ್ನ ಡಾಕ್ಟರು ಫಲಿತಾಂಶ ನೋಡಿದರು. ಕಣಗಳು ಕೊಂಚ ಏರಿವೆ, ಸಾಲದು, ಮಾತ್ರೆ ಹಾಗೇ ಇರಲಿ, ಮುಂದಿನ ವಾರ ಮತ್ತೆ ಬನ್ನಿ ಎಂದರು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಬಂದಾಗಿತ್ತು. ಅತ್ತೆ ಬಾಗಿಲಲ್ಲೇ ಶುರುಮಾಡಿದಳು. "ಹೇಲು ಉಚ್ಚೆ ಬಾಚಿ ಸಂಪಾದಿಸಿದ ಕೆಲಸ ಕಣೇ ಅದು. ನೀನು ಒಂದು ಗಳಿಗೆ ಕುಂಡಿ ಊರಿ ಕಳ್ಕೊಂಡು ಬಂದೆ. ಕೂತ್ಕೊಳ್ಳೋ ಚಪಲ ಅಷ್ಟಿದ್ರೆ ಮನೇಲಿ ಮಣೆ ಇರ್ಲಿಲ್ವಾ?" ಅತ್ತೆ ಬೈಯುತ್ತಲೇ ಮೊಮ್ಮಗಳನ್ನು ಎತ್ತಿಕೊಂಡಳು. ಬೈಯುತ್ತಲೇ ರವಿಕೆಯ ತೋಳು ಮೇಲೆ ಸರಿಸಿದಳು. ಕೈಗಳನ್ನು ನೋಡಿ ಬಾಯಿ ನಿಂತಿತು. ಎಣ್ಣೆ ಹಚ್ಚಲು ಹೋಗಿ, ಒತ್ತಿದರೆ ನೋಯುತ್ತದೆಂದು ಸುಮ್ಮನೆ ಉಫ್ ಉಫ್ ಎಂದು ಊದುತ್ತಾ ಕೂತಳು.

ದೀಪ ಹಚ್ಚುವ ಹೊತ್ತಿಗೆ ಕೇಳಿದಳು: "ಮೆತ್ತಗಿತ್ತೇನೇ ಕುರ್ಚಿ?"

"ಗೊತ್ತಾಗ್ಲಿಲ್ಲ ಅತ್ತೆ."

"ನಾನು ಅಷ್ಟು ವರ್ಷ ಒರೆಸಿದೀನಿ. ಬೆರಳು ಬಿಟ್ಟು ಬೇರೇನೂ ತಾಗಿಸ್ಲಿಲ್ಲ," ಎಂದಳು ಅತ್ತೆ.

ಕೆಲಸ ಹೋಯಿತು. ಸೆಕ್ಯೂರಿಟಿಯವನನ್ನು ಶವಾಗಾರದ ಬಾಗಿಲಿಗೆ ಹಾಕಿದರು. ಎರಡು ದಿನ ಬಿಟ್ಟು ಮೇಸ್ತ್ರಿ ಬೀದಿಗೆ ಬಂದು, ಮನೆಯೊಳಗೆ ಕಾಲಿಡದೆ ರಸ್ತೆಯಲ್ಲೇ ನಿಂತು ಅತ್ತೆಯನ್ನು ಕರೆದ. ಜನ ಸಿಗ್ತಿಲ್ಲ, ಹಳೆಯವಳು ನೀನು, ಬಾಯಿ ಮುಚ್ಚಿಕೊಂಡು ಇರುವುದಾದರೆ ಸೊಸೆ ಜಾಗಕ್ಕೆ ಬಾ ಎಂದ. ಸೊಸೆ ಬೇಡವೆಂದಳು. ಅತ್ತೆ ಅವಳ ಮಾತು ಕೇಳಲಿಲ್ಲ. ಒಲೆ ಉರಿಯಬೇಕಿತ್ತು, ಮಾತ್ರೆ ಬರಬೇಕಿತ್ತು. ಮರುದಿನವೇ ಹೋದಳು. ಮಂಡಿ ಬಗ್ಗದ ಮುದುಕಿ ಗೋಡೆ ಹಿಡಿದುಕೊಂಡು ಕಾರಿಡಾರು ಒರೆಸಿದಳು. ಸಂಜೆ ಬಂದು ಕಾಲು ಚಾಚಿದರೆ ಮಂಡಿಗಳು ಊದಿ ಹೊಳೆಯುತ್ತಿದ್ದವು. ಬಿಸಿನೀರಿನ ಬಟ್ಟೆ ಒತ್ತುವಾಗ ಸೊಸೆಗೆ ಅವಳ ಕಡೆ ನೋಡಲು ನಾಚಿಕೆಯಾಗುತ್ತಿತ್ತು.

ಮುಂದಿನ ವಾರ ಅವಳು ಮಗುವನ್ನು ಕರೆದುಕೊಂಡು ಮತ್ತೆ ಹೋದಳು. ಮುಂದಿನ ಕೋಣೆಯ ಬಾಗಿಲಲ್ಲಿ ಹೊಸ ಸೆಕ್ಯೂರಿಟಿ ನಿಂತಿದ್ದ. ಅವಳನ್ನು ನೋಡಿ ಕೈ ಅಡ್ಡ ಹಿಡಿದ. ಅವಳು ಅಲ್ಲಿಗೆ ಹೋಗಲೇ ಇಲ್ಲ. ಬೆಂಚಿನ ಮೇಲೆ ಕೂತಳು. ಸರದಿ ಕೂಗಿದರು. ಅವಳು ಏಳಲಿಲ್ಲ.

"ಸೂಜಿ ಸಾರ್ ಬರ್ಲಿ," ಎಂದಳು. "ಕಾಯ್ತೀನಿ."

ಅವರು ಈ ಕಡೆ ಬರುವುದಿಲ್ಲ ಎಂದಳು ಕಲಿಯುವ ಹುಡುಗಿ. ಪರವಾಗಿಲ್ಲ, ಕಾಯ್ತೀನಿ ಎಂದಳು ಇವಳು. ಹುಡುಗಿ ಮುಂದಿನವರನ್ನು ಕೂಗಿದಳು. ಅವರು ಎದ್ದು ಹೋದರು. ಅವರ ಮಗು ಕಿರುಚಿತು. ಒಬ್ಬೊಬ್ಬರಾಗಿ ಬೆಂಚು ಖಾಲಿಯಾಯಿತು. ಊಟದ ಹೊತ್ತು ದಾಟಿತು. ಬಟಾಣಿ ಹಸಿದು ಅತ್ತು ಮಡಿಲಲ್ಲೇ ನಿದ್ದೆ ಹೋಯಿತು. ಅತ್ತೆ ಕೋಲು ಹಿಡಿದು ಎದುರಿಗೇ ಬಂದಳು, ಸೊಸೆಯ ಕಾಲಡಿ ಒರೆಸಿ, ಪರಿಚಯವಿಲ್ಲದವಳ ಹಾಗೆ ಮುಂದಕ್ಕೆ ಹೋದಳು. ಮುಂದಿನ ಕೋಣೆ ಮುಚ್ಚುವ ಹೊತ್ತಿಗೆ ಸೂಜಿ ಸಾರ್ ಟ್ರೇ ಹಿಡಿದುಕೊಂಡು ಬಂದ. ಬೆಂಚಿನ ಮೇಲೆ ಅವಳ ಪಕ್ಕ ಕೂತು, ನಿದ್ದೆ ಮಾಡುತ್ತಿದ್ದ ಮಗುವಿನ ಕೈ ಹಿಡಿದು ರಕ್ತ ತೆಗೆದುಕೊಂಡು, ಬಂದ ಹಾಗೇ ಹೋದ.

ಅದು ಯಾರ ಬಾಯಿಂದ ಯಾರ ಕಿವಿಗೆ ಹೋಯಿತೋ. ಅದರ ಮುಂದಿನ ವಾರ ಇನ್ನೂ ಇಬ್ಬರು ಸರದಿ ಕೂಗಿದರೂ ಏಳಲಿಲ್ಲ. ಆಮೇಲಿನ ವಾರ ಅರ್ಧ ಬೆಂಚು ಏಳಲಿಲ್ಲ. ನಾವೂ ಕಾಯ್ತೀವಿ ಎಂದರು. ಯಾರೂ ಕೂಗಾಡಲಿಲ್ಲ, ಬಾಗಿಲು ಬಡಿಯಲಿಲ್ಲ. ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ಕೂತರು. ಕಲಿಯುವ ಹುಡುಗರು ಬಾಗಿಲಲ್ಲಿ ನಿಂತು ಮೊಬೈಲು ನೋಡಿದರು. ಸೂಜಿ ಸಾರ್ ಸಂಜೆಯವರೆಗೆ ತೆಗೆದು ತೆಗೆದು ಬೆನ್ನು ಹಿಡಿದುಕೊಂಡ. ಮೇಲಿನವರ ತನಕ ದೂರು ಹೋಯಿತು.

ಮೇಲಿನವರು ಬೆಂಚು ತೆಗೆಸಿದರು. ಬಣ್ಣ ಹೊಡೆಸಲು ಎಂದು ಹೇಳಿ, ನಾಲ್ಕು ಜನ ಅದನ್ನು ಹೊತ್ತು ಹಿತ್ತಲಿಗೆ ಹಾಕಿದರು. ಆ ದಿನ ಬಂದ ತಾಯಂದಿರು ಖಾಲಿ ಗೋಡೆಯನ್ನು ನೋಡಿ ಸ್ವಲ್ಪ ಹೊತ್ತು ನಿಂತರು. ಅವಳು ಮಗುವನ್ನು ಇಳಿಸಿ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಪಕ್ಕದಲ್ಲಿ ಇನ್ನೊಬ್ಬಳು ಕೂತಳು. ನೋಡನೋಡುತ್ತಲೇ ಕಾರಿಡಾರಿನ ಉದ್ದಕ್ಕೂ ಕಾಲುಗಳು, ಚೀಲಗಳು, ಮಕ್ಕಳು. ನಡೆಯಲು ಜಾಗವಿಲ್ಲದಾಯಿತು.

ಮೇಸ್ತ್ರಿ ಅತ್ತೆಯನ್ನು ಕರೆದ. ಅವಳ ಕೈಯಲ್ಲಿ ತುಂಬಿದ ಬಕೆಟ್ಟಿತ್ತು, ಫಿನಾಯಿಲ್ ಹಾಕಿದ ನೀರು.

"ನೆಲಕ್ಕೆ ನೀರು ಹಾಕು," ಎಂದ. "ಆ ತುದಿಯಿಂದ ಹಾಕ್ಕೊಂಡು ಬಾ. ತಾವಾಗೇ ಏಳ್ತಾರೆ."

ಅತ್ತೆ ಬಕೆಟ್ಟು ಎತ್ತಿಕೊಂಡು ಬಂದಳು. ಸಾಲಿನಲ್ಲಿದ್ದವರು ಅವಳನ್ನೇ ನೋಡಿದರು. ಕೆಲವರು ಮಕ್ಕಳನ್ನು ಎತ್ತಿಕೊಂಡರು, ಏಳಲು ಸಿದ್ಧರಾದರು. ಸೊಸೆ ಅತ್ತೆಯ ಮುಖ ನೋಡಲಿಲ್ಲ. ಅವಳ ಊದಿದ ಕಾಲುಗಳನ್ನು ನೋಡುತ್ತಿದ್ದಳು. ಹಾಕಿದರೂ ಅವಳ ತಪ್ಪಲ್ಲ ಎಂದುಕೊಂಡಳು. ಮೊದಲು ಬರುವ ನೀರು ಮಗುವಿಗೆ ತಾಗದಿರಲಿ ಎಂದು ಬಟಾಣಿಯನ್ನು ಎದೆಗೆ ಅವುಚಿಕೊಂಡಳು.

ಅತ್ತೆ ಅವರ ಮುಂದೆ ನಿಂತಳು. ಮೇಸ್ತ್ರಿ ದೂರದಿಂದ ಹಾಕು ಎಂದು ಕೈ ಆಡಿಸಿದ. ಅತ್ತೆ ಬಕೆಟ್ಟನ್ನು ಕೆಳಗಿಟ್ಟಳು. ಕೋಲನ್ನು ಗೋಡೆಗೆ ಒರಗಿಸಿದಳು. ಒಂದು ಕೈಯಿಂದ ಗೋಡೆ ಹಿಡಿದು, ಇನ್ನೊಂದು ಕೈಯನ್ನು ಸೊಸೆಯ ಹೆಗಲ ಮೇಲೆ ಊರಿ, ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು, ಹಲ್ಲು ಕಚ್ಚಿ ಬಗ್ಗಿಸಿ ನೆಲದ ಮೇಲೆ ಕೂತಳು.

ಮೇಸ್ತ್ರಿ ದಾಪುಗಾಲು ಹಾಕುತ್ತಾ ಬಂದ. ಏನಿದು ಎಂದ.

"ನಂದೂ ರಕ್ತ ಪರೀಕ್ಷೆ ಮಾಡಿಸ್ಬೇಕು ಮೇಸ್ತ್ರಿ," ಎಂದಳು ಅತ್ತೆ. "ಮಂಡಿ ನೋವು. ನನ್ನ ಸರದಿ ಬರೋವರೆಗೂ ಇಲ್ಲೇ ಇರ್ತೀನಿ."

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳು ಮೊಮ್ಮಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು.